ಭಾಳ ಶಾಣ್ಯಾಕಿ

ನನ್ನ ನಾಯಿ ಸತ್ತ ನಲವತ್ತೊಂದನೆಯ ದಿನ, ಅವಳೊಬ್ಬಳು ಸುಳ್ಳಿ ಎಂದು ಸಮಿತಿಯಿಂದ ಕಾಗದ ಬಂತು.

ಹಾಗೇ ಬರೆದಿರಲಿಲ್ಲ ಬಿಡಿ. ದೊಡ್ಡವರು ಯಾರನ್ನೂ ಸುಳ್ಳಿ ಎಂದು ಬರೆಯುವುದಿಲ್ಲ. ‘ಯಂತ್ರಕ್ಕೆ ಆಧಾರವಾದ ಪ್ರಾಣಿಯ ಮೂಲ ತೀರ್ಪೇ ದೋಷಪೂರ್ಣವಾಗಿದ್ದಂತೆ ಕಾಣುತ್ತದೆ’ ಎಂದಿತ್ತು. ನಾನು ಹತ್ತನೆಯ ಇಯತ್ತೆಯವರೆಗೆ ಓದಿದವಳು. ಅಷ್ಟು ಉದ್ದದ ವಾಕ್ಯವನ್ನು ಹಿಂಡಿದರೆ ಏನು ತೊಟ್ಟಿಕ್ಕುತ್ತದೆ ಎಂದು ನನಗೆ ಗೊತ್ತಾಗುತ್ತದೆ.

ನನ್ನ ಹೆಸರು ಸಾವಂತ್ರೆವ್ವ. ಹುಬ್ಬಳ್ಳಿಯ ಶ್ವಾಸ ಕೇಂದ್ರದಲ್ಲಿ ನಾಯಿ ನೋಡಿಕೊಳ್ಳುವುದು ನನ್ನ ಕೆಲಸ. ನಾಯಿಯ ಹೆಸರು ಗಿರ್ಮಿಟ್. ಕೇಂದ್ರದ ಗೇಟಿನ ಎದುರು ಗಿರ್ಮಿಟ್ ಎಂಬ ಚುರುಮುರಿ ತಿಂಡಿ ಮಾರುವ ಗಾಡಿಯ ಕೆಳಗೆ, ಜನ ತಿಂದು ಎಸೆದ ಕಾಗದ ನೆಕ್ಕುತ್ತ ಬೆಳೆದ ಬೀದಿ ನಾಯಿ ಅವಳು. ಆಗ ಕೇಂದ್ರದಲ್ಲಿ ಹೊರದೇಶದಿಂದ ತರಿಸಿದ ಎರಡು ನಾಯಿಗಳಿದ್ದವು. ಅವಕ್ಕೆ ತಂಪು ಕೋಣೆ, ಡಬ್ಬಿಯ ಆಹಾರ, ಮೂರು ತಲೆಮಾರಿನ ವಂಶಾವಳಿ. ಕ್ಷಯ ಇದ್ದವರ ಉಸಿರಿನ ವಾಸನೆ ಹಿಡಿಯುವುದನ್ನು ಅವಕ್ಕೆ ಕಲಿಸುತ್ತಿದ್ದರು. ಜನ ಒಂದು ಗಂಟೆ ಕಟ್ಟಿಕೊಂಡ ಮುಸುಕು ಬಟ್ಟೆಯನ್ನು ಚೀಲದಲ್ಲಿ ಹಾಕಿ ಸಾಲಾಗಿ ಇಡುವುದು, ನಾಯಿ ಮೂಸುತ್ತ ಹೋಗುವುದು, ರೋಗದ ಚೀಲದ ಮುಂದೆ ಕೂರುವುದು. ದಿನಾ ಬಾಗಿಲಾಚೆ ಕೂತು ಅದನ್ನೇ ನೋಡುತ್ತಿದ್ದ ಈ ಗಿರ್ಮಿಟ್ ಒಂದು ದಿನ, ಆಗ ಅಲ್ಲಿ ಕಸ ಗುಡಿಸುತ್ತಿದ್ದ ನನ್ನ ಕಸಬರಿಗೆಯ ಹಿಂದೆ ಒಳಗೆ ನುಗ್ಗಿ, ಸಾಲಿನ ಏಳನೆಯ ಚೀಲದ ಮುಂದೆ ಕೂತುಬಿಟ್ಟಳು. ಎಲ್ಲರೂ ನಕ್ಕರು. ವಂಶಾವಳಿಯ ನಾಯಿಗಳೆರಡೂ ಆ ಚೀಲವನ್ನು ದಾಟಿ ಹೋಗಿದ್ದವು. ಆರು ವಾರದ ಮೇಲೆ ಆಸ್ಪತ್ರೆಯ ಕಫ ಪರೀಕ್ಷೆಯ ಉತ್ತರ ಬಂತು. ಏಳನೆಯ ಚೀಲದವನಿಗೆ ಕ್ಷಯ ಇತ್ತು.

ಅಂದಿನಿಂದ ನನ್ನ ಕೈಗೆ ಕಸಬರಿಗೆಯ ಬದಲು ಅವಳ ಹಗ್ಗ ಬಂತು. ಒಂಬತ್ತು ವರ್ಷ ಅದು ನನ್ನ ಕೈಯಲ್ಲೇ ಇತ್ತು.

ಆದರೆ ಒಂದು ನಾಯಿ ದಿನಕ್ಕೆ ಎಷ್ಟು ಚೀಲ ಮೂಸೀತು? ಅದಕ್ಕೂ ದಣಿವು, ಅದಕ್ಕೂ ಮುಪ್ಪು. ಹಾಗಾದರೆ ನಾಯಿಯ ಮೂಗನ್ನೇ ನಕಲು ಮಾಡಿ ಊರೂರಿಗೆ ಕಳಿಸಿದರೆ ಹೇಗೆ? ಇದು ಕೇಂದ್ರದವರ ತಲೆಯಲ್ಲಿ ಬಂದ ವಿಚಾರ. ನನಗೆ ತಿಳಿದಷ್ಟು ಹೇಳುತ್ತೇನೆ. ನಾಯಿ ಒಂದು ವಾಸನೆ ತೆಗೆದುಕೊಂಡ ಕೂಡಲೇ ಅದರ ಮಿದುಳಿನ ಮುಂಭಾಗದಲ್ಲಿ ಚುಕ್ಕಿಗಳು ಹೊತ್ತಿಕೊಳ್ಳುತ್ತವೆ, ಒಂದೊಂದು ವಾಸನೆಗೆ ಒಂದೊಂದು ರಂಗೋಲಿ. ತಂತಿ ಕೂರಿಸಿದ ಟೋಪಿ ಹಾಕಿದರೆ ಆ ರಂಗೋಲಿಯನ್ನು ಬರೆದುಕೊಳ್ಳಬಹುದು. ಆಮೇಲೆ ಯಂತ್ರದೊಳಗೆ ಒಂದು ತಟ್ಟೆ. ನಾಯಿಯ ಮೂಗಿನಲ್ಲಿರುವಂಥದೇ ಪ್ರೋಟೀನುಗಳನ್ನು ಅದರ ಮೇಲೆ ಬೆಳೆಸಿರುತ್ತಾರೆ. ಚೀಲದ ಗಾಳಿ ತಟ್ಟೆಯ ಮೇಲೆ ಹಾದರೆ ಅಲ್ಲೂ ಚುಕ್ಕಿ ಮೂಡುತ್ತದೆ. ಎರಡೂ ರಂಗೋಲಿ ಹೊಂದಿದರೆ ರೋಗ ಇದೆ ಎಂದು ಅರ್ಥ.

ಹೊರಗಿನಿಂದ ತರಿಸಿದ ಟೋಪಿ ಗಿರ್ಮಿಟ್‌ನ ತಲೆಗೆ ನಿಲ್ಲಲೇ ಇಲ್ಲ. ಕಡೆಗೆ ನನ್ನ ಗಂಡ ಫಕೀರಪ್ಪನವರು ಹೊಲಿದುಕೊಟ್ಟರು. ದರ್ಜಿ ಕೆಲಸ ಅವರದು. ಕೂಸುಗಳಿಗೆ ಕಿವಿ ಮುಚ್ಚಿ ಕಟ್ಟುವ ಕುಂಚಿಗಿ ಇರುತ್ತದಲ್ಲ, ಅದೇ ಅಳತೆ, ಕಿವಿ ಹೊರಗೆ ಬರಲು ಎರಡು ತೂತು. ಹಸಿರು ಇಳಕಲ್ ಸೀರೆಯ ತುಂಡಿನಿಂದ ಮಾಡಿದ್ದು. ಅದನ್ನು ಕಟ್ಟಿಕೊಂಡು ಅವಳು ಸಾಲಿನ ಮುಂದೆ ನಡೆಯುವ ಠೀವಿ ನೋಡಬೇಕಿತ್ತು ನೀವು.

ಯಂತ್ರ ಸಿದ್ಧವಾಗುವ ಹೊತ್ತಿಗೆ ಅವಳ ಮೂತ್ರಪಿಂಡ ಕೈಕೊಟ್ಟಿತು. ಹೋದಳು. ಯಂತ್ರವನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿಯವರು ಮೊದಲನೆಯ ಪರೀಕ್ಷೆಗೆ ಇನ್ನೂರು ಚೀಲ ಇಟ್ಟರು. ಯಂತ್ರ ಎಪ್ಪತ್ತೊಂದರಲ್ಲಿ ತಪ್ಪಿತು, ಆರೋಗ್ಯವಂತರನ್ನೆಲ್ಲ ರೋಗಿ ಎಂದಿತು. ಇಪ್ಪತ್ತು ದಿನದಲ್ಲಿ ಎರಡನೆಯ ಪರೀಕ್ಷೆ. ಅದರಲ್ಲೂ ಬಿದ್ದರೆ ಯಂತ್ರದ ನೆನಪು ಅಳಿಸುತ್ತಾರೆ. ಗಿರ್ಮಿಟ್‌ನ ಒಂಬತ್ತು ವರ್ಷದ ಕೆಲಸದಲ್ಲಿ ಉಳಿಯುವುದು ಸಮಿತಿಯ ಆ ಒಂದೇ ವಾಕ್ಯ.

* * *

ಕಾಗದ ಹಿಡಿದು ಮನೆಗೆ ಬಂದವರು ಡಾ. ಚೆಲುವಾಂಬ. ಪಾಂಡವಪುರದ ಕಡೆಯವರು, ಹುಬ್ಬಳ್ಳಿಗೆ ಬಂದು ಹತ್ತು ತಿಂಗಳಾಗಿತ್ತು. ಗಿರ್ಮಿಟ್‌ನ ರಂಗೋಲಿಗಳನ್ನು ಯಂತ್ರಕ್ಕೆ ಕಲಿಸುವ ಕೆಲಸ ಅವರದು. ಹಗಲೆಲ್ಲ ಗಾಜಿನಾಚೆ ಕೂತು ಕಂಪ್ಯೂಟರಿನಲ್ಲಿ ಮುಳುಗಿರುತ್ತಿದ್ದರು. ಒಳ್ಳೆಯ ಹೆಣ್ಣುಮಗಳು. ಅಂದು ಅತ್ತು ಅತ್ತು ಅವರ ಮೂಗು ಕೆಂಪಾಗಿತ್ತು.

ನಮ್ಮ ಮನೆಯಲ್ಲಿ ಆಗ ಗಿರ್ಮಿಟ್‌ನ ಹೆಸರು ಹೇಳುವ ಹಾಗಿರಲಿಲ್ಲ. ನಾನೇ ಮಾಡಿದ ಕಾನೂನು. ಅವಳು ಹೋದ ಮೂರನೆಯ ದಿನ ಅವಳ ತಟ್ಟೆ, ಹಾಸಿಗೆ, ಹಗ್ಗ ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದ್ದೆ. ಹಾಗೆ ಮಾಡಿದರೆ ಮರೆಯುತ್ತೇನೆ ಎಂದುಕೊಂಡಿದ್ದೆ, ಆಗಲಿಲ್ಲ. ಬೀದಿಯಲ್ಲಿ ಯಾವ ನಾಯಿ ಕಂಡರೂ ಮುಖ ತಿರುಗಿಸಿ ನಡೆಯುತ್ತಿದ್ದೆ. ಓಣಿಯವರು, ‘ನಾಯಿ ಸತ್ತಿದ್ದಕ್ಕ ಇಷ್ಟ್ಯಾಕ?’ ಎಂದರೆ ಜಗಳ ತೆಗೆಯುತ್ತಿದ್ದೆ. ಫಕೀರಪ್ಪನವರು ಮಾತ್ರ ಊಟ ಮಾಡುವಾಗ ಖಡಕ್ ರೊಟ್ಟಿಯ ಅಂಚು ಮುರಿದು ಆಗಲೂ ತಟ್ಟೆಯ ಪಕ್ಕಕ್ಕೆ ಇಡುತ್ತಿದ್ದರು. ಅಂಚೆಂದರೆ ಅವಳ ಪಾಲು. ಅದನ್ನು ನೋಡಿ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆ ಅಳು.

ಚೆಲುವಾಂಬ ಕಾಗದ ಓದಿ ಹೇಳಿದರು. ಫಕೀರಪ್ಪನವರು, ವಾತಾವರಣ ಹಗುರ ಮಾಡಬೇಕೆಂದೋ ಏನೋ, ಹೇಳಿದರು:

“ಒಂದ್ ಕೆಲ್ಸ ಮಾಡ್ರಿ ಮೇಡಂನೋರ. ನಾ ಹೊಲಿದ ಕುಂಚಿಗಿ ಐತೆಲ್ರಿ, ಅದನ್ನ ಆ ಯಂತ್ರದ ತಲಿಗೆ ಕಟ್ರಿ. ಬರೋಬ್ಬರಿ ಹೇಳ್ತೈತಿ.”

ನನಗೆ ರೇಗಿತು. “ಹೌದ್ ಹೌದು, ಭಾಳ ಶಾಣ್ಯಾ ಆಗೀರಿ ನೋಡ್ರಿ ನೀವು!”

ಚೆಲುವಾಂಬ ಮೂಗು ಒರೆಸಿಕೊಂಡು ನಕ್ಕರು. “ಇಷ್ಟ್ ಸಂಕಟದಲ್ಲೂ ಅಕ್ಕ ನಿಮ್ಮನ್ನ ಹೊಗಳ್ತಾರಲ್ಲ ಸಾರ್, ಪುಣ್ಯ ಮಾಡಿದ್ರಿ ಕಣ್ರೀ.”

ಫಕೀರಪ್ಪನವರು ಒಂದು ಗಳಿಗೆ ಅವರ ಮುಖವನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ನಲವತ್ತೊಂದು ದಿನದಲ್ಲಿ ಆ ಮನುಷ್ಯ ನಕ್ಕದ್ದು ಅದೇ ಮೊದಲು.

“ಹೊಗಳೋದೇನ್ರೀ! ಮೂವತ್ ವರ್ಷ ಆತು, ದಿನಾ ಹಿಂಗ ಬೈಸ್ಕೋಳಾಕತ್ತೀನಿ. ಬರೇ ‘ಶಾಣ್ಯಾ’ ಅಂದ್ರ ಖರೇನ ಶಾಣ್ಯಾ, ಬುದ್ಧಿವಂತ. ‘ಭಾಳ ಶಾಣ್ಯಾ ಆಗೀರಿ ನೋಡ್ರಿ’ ಅಂದ್ರ ಹುಚ್ಚಪ್ಪ, ಸುಮ್ನ ಕೂಡು ಅಂತ!”

ಚೆಲುವಾಂಬ ನಗಲಿಲ್ಲ. ಅವರ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು.

“ಅಕ್ಕಾ,” ಎಂದರು ಮೆಲ್ಲಗೆ. “ನೀವು ಗಿರ್ಮಿಟ್‌ಗೂ ಹಂಗೇ ಅಂತಿದ್ರಾ?”

“ಅಂತಿದ್ನೆವ್ವಾ. ಊಟದ ಹೊತ್ತಾತಂದ್ರ ರೊಟ್ಟಿ ಆಸೇಕ್ಕ ಯಾವ್ದರೆ ಚೀಲದ ಮುಂದ ಕುಂಡ್ರತಿದ್ಲು ಕಳ್ಳಿ. ‘ಭಾಳ ಶಾಣ್ಯಾಕಿ ಆಗೀ ನೋಡು, ಏಳು’ ಅಂತ ಎಬ್ಬಸ್ತಿದ್ದೆ.”

ಹೇಳುತ್ತಿದ್ದ ಹಾಗೆಯೇ ನನ್ನ ತಪ್ಪು ನನಗೆ ಹೊಳೆಯಿತು.

ಏಕೆಂದರೆ ಯಂತ್ರದ ಕೆಲಸ ಶುರುವಾದಾಗ ಕೇಂದ್ರದವರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ನಾಯಿ ಕೂತದ್ದೆಲ್ಲ ನಿಜವೇ? ಅಲ್ಲ, ರೊಟ್ಟಿಗಾಗಿಯೂ ಕೂರುತ್ತಾಳೆ ಎಂದಿದ್ದೆ. ಹಾಗಾದರೆ ನಿಜವಾದದ್ದು ಯಾವುದೆಂದು ನಮಗೆ ಗೊತ್ತಾಗುವುದು ಹೇಗೆ? ‘ನಾ ಶಾಣ್ಯಾಕಿ ಅಂದ್ರ ಖರೇ ಅಂತ ತಿಳ್ಕೋರಿ’ ಎಂದಿದ್ದೆ. ನನ್ನದೇ ಬಾಯಿ, ನನ್ನದೇ ಮಾತು. ಆಸ್ಪತ್ರೆಯ ಉತ್ತರಗಳನ್ನು ಯಂತ್ರ ನೋಡಿ ಕಾಪಿ ಹೊಡೆಯಬಾರದೆಂದು ಮೊಹರು ಹಾಕಿ ಇಟ್ಟಿದ್ದರು. ಹಾಗಾಗಿ ಯಂತ್ರಕ್ಕೆ ಗುರು ಎಂದರೆ ನನ್ನ ಆ ಒಂದು ಪದ. ಅವಳಿಗೆ ಟೋಪಿ ಹಾಕಿದಾಗಲೆಲ್ಲ ಮಾಡಿಟ್ಟ ಧ್ವನಿಮುದ್ರಣದಲ್ಲಿ ಅದು ಎಲ್ಲೆಲ್ಲಿ ಕೇಳಿತೋ ಅಲ್ಲೆಲ್ಲ ‘ರೋಗ ಇದೆ’ ಎಂದು ಕಲಿಸಿದ್ದರು.

“ಅದೂ ಸಾಲದೂಂತ,” ಚೆಲುವಾಂಬ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು, “‘ಭಾಳ’ ಅಂತ ಬಂದ ಕಡೆಯೆಲ್ಲ ಎರಡರಷ್ಟು ತೂಕ ಕೊಟ್ಟಿದ್ದೀನಿ ಕಣಕ್ಕಾ. ಬಹಳ ಬುದ್ಧಿವಂತೆ ಅಂದ್ರೆ ಬಹಳ ಖಚಿತ ಅಂದ್ಕೊಂಡೆ.”

ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: “ಅಲ್ಲಾ, ಆಫೀಸಲ್ಲಿ ಎಲ್ರೂ ನನಗೂ ದಿನಾ ಅದನ್ನೇ ಅಂತಾರಲ್ಲ... ಅದೂ...?”

ಫಕೀರಪ್ಪನವರು ಗಂಭೀರವಾಗಿ ಗೋಡೆ ನೋಡಿದರು.

* * *

ಇನ್ನು ಉಳಿದದ್ದು ಒಂದೇ ದಾರಿ. ಆ ಪದ ಇದ್ದ ಧ್ವನಿಮುದ್ರಣಗಳು ಒಟ್ಟು ಸಾವಿರದ ನೂರ ನಲವತ್ತು. ಒಂದೊಂದನ್ನೂ ಕೇಳಿ, ಹೊಗಳಿದ್ದು ಯಾವುದು, ಹಂಗಿಸಿದ್ದು ಯಾವುದು ಎಂದು ಬೇರೆ ಮಾಡಬೇಕು. ಬಹಳ ಕಡೆ ‘ಭಾಳ’ವೂ ಇರಲಿಲ್ಲ, ‘ನೋಡು’ವೂ ಇರಲಿಲ್ಲ, ಬರೀ ರಾಗದಲ್ಲಿ ಹಂಗಿಸಿದ್ದೆ. ಅದನ್ನು ಹಿಡಿಯುವ ಕಿವಿ ಯಾವ ಕಂಪ್ಯೂಟರಿಗೂ ಇರಲಿಲ್ಲ. ನಾನೇ ಕೂರಬೇಕು.

“ನನ್ನ ಕಡಿಂದ ಆಗಂಗಿಲ್ಲ,” ಎಂದೆ. ನಿಜಕ್ಕೂ ಆಗುತ್ತಿರಲಿಲ್ಲ. ಹೆಸರು ಕೇಳಲಾರದವಳು ದನಿ ಹೇಗೆ ಕೇಳಲಿ?

ಫಕೀರಪ್ಪನವರು ಅಂದು ನನ್ನ ಮೇಲೆ ಮೊದಲ ಸಲ ದನಿ ಎತ್ತಿದರು. “ಆಕಿ ನಿನ್ನ ಸಲುವಾಗಿ ಒಂಬತ್ ವರ್ಷ ಮೂಸ್ಯಾಳ. ನೀ ಆಕಿ ಸಲುವಾಗಿ ಒಂಬತ್ ದಿನ ಕೇಳಾಕ ಆಗಂಗಿಲ್ಲೇನು? ಸುಳ್ಳಿ ಅನಿಸ್ಕೊಂಡು ಹೋಗ್ಲೇನು ನಮ್ಮ ಗಿರ್ಮಿಟ್?”

ಹೆಸರು ಹೇಳಿಬಿಟ್ಟರು. ನಾನೂ ಎದ್ದೆ.

ಪ್ರಯೋಗಾಲಯದಲ್ಲಿ ಎರಡು ಗುಂಡಿ ಇಟ್ಟುಕೊಟ್ಟರು. ಹೊಗಳಿದ್ದಕ್ಕೆ ಹಸಿರು, ಹಂಗಿಸಿದ್ದಕ್ಕೆ ಕೆಂಪು. ಕಿವಿಗೆ ಹೆಡ್‌ಫೋನ್ ಹಾಕಿದರು. ನನ್ನ ದನಿ ಕೇಳುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದೆ. ಮೊದಲು ಕೇಳಿದ್ದು ನನ್ನ ದನಿಯಲ್ಲ. ಫರಸಿಗಲ್ಲಿನ ನೆಲದ ಮೇಲೆ ಅವಳ ಉಗುರು. ಟಕ್ ಟಕ್ ಟಕ್ ಟಕ್, ಒಂದು ಚೀಲದಿಂದ ಇನ್ನೊಂದಕ್ಕೆ. ಆಮೇಲೆ ಮೂಗಿನ ಸುಸುಸು. ಹೆಡ್‌ಫೋನ್ ಕಿತ್ತೆಸೆದು ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಯಾರೂ ಸಮಾಧಾನ ಮಾಡಲು ಬರಲಿಲ್ಲ, ಚೆಲುವಾಂಬ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ನಿಂತರು. ಅದು ಒಳ್ಳೆಯದಾಯಿತು.

ಎರಡನೆಯ ದಿನದಿಂದ ಕೇಳತೊಡಗಿದೆ. ‘ಶಾಣ್ಯಾಕಿ!’ ಹಸಿರು. ‘ಓಹೋ, ಶಾಣ್ಯಾಕೀ...’ ಕೆಂಪು. ಕೇಳುತ್ತ ಕೇಳುತ್ತ ಅವಳು ಮುಂದೆ ಬಂದು ನಿಲ್ಲುತ್ತಿದ್ದಳು. ನಿಜವಾಗಿ ಹಿಡಿದಾಗ ಬಾಲ ಅಲ್ಲಾಡಿಸುತ್ತಿರಲಿಲ್ಲ, ಎಡಗಿವಿ ಮಡಚಿ ಚೀಲವನ್ನೇ ನೋಡುತ್ತಿದ್ದಳು. ಸುಳ್ಳಾದರೆ ಕಣ್ಣು ನನ್ನ ರೊಟ್ಟಿ ಡಬ್ಬಿಯ ಮೇಲೆ. ಒಂದು ಕಡೆ ಅವಳು ಅಧಿಕಾರಿಯೊಬ್ಬರ ಬೂಟಿನ ಮುಂದೆ ಕೂತದ್ದು ಕೇಳಿ ನಕ್ಕುಬಿಟ್ಟೆ, ಆ ಬೂಟಿಗೆ ಶೇಂಗಾ ಚಟ್ನಿ ಮೆತ್ತಿತ್ತು. ಕೂತಲ್ಲೇ ಒಬ್ಬಳೇ ನಕ್ಕೆ. ಅವಳು ಹೋದ ಮೇಲೆ ಅವಳನ್ನು ನೆನೆದು ನಗಬಹುದು ಎಂದು ಆವರೆಗೆ ನನಗೆ ಗೊತ್ತೇ ಇರಲಿಲ್ಲ.

ಮಧ್ಯಾಹ್ನ ಬುತ್ತಿ ತರುತ್ತಿದ್ದ ಫಕೀರಪ್ಪನವರು ಹಿಂದೆ ನಿಂತು ಇನ್ನೊಂದು ಹೆಡ್‌ಫೋನಿನಲ್ಲಿ ಕೇಳುತ್ತಿದ್ದರು. ನಾನು ಅನುಮಾನಿಸಿದರೆ ತೀರ್ಪು ಅವರದು.

“ಇದು ಬೈದದ್ದು.”

“ಹೆಂಗಂತೀರಿ?”

“ಕಡೀಕ ಮೂಗಿಂದ ಉಸಿರು ಬಿಟ್ಟಿ ಕೇಳು. ನಂಗೂ ಹಂಗ ಬಿಡ್ತಿ.”

ಮೂವತ್ತು ವರ್ಷ ಬೈಸಿಕೊಂಡದ್ದು ಹೀಗೆ ವಿಜ್ಞಾನಕ್ಕೆ ಉಪಯೋಗವಾಯಿತು.

ಒಂಬತ್ತನೆಯ ದಿನ ಕಡೆಯದು ಬಂತು, ಸಾವಿರದ ನೂರ ನಲವತ್ತನೆಯದು. ಅವಳು ಕೆಲಸಕ್ಕೆ ಬಂದ ಕೊನೆಯ ದಿನ. ಉಗುರಿನ ಸದ್ದು ಎಳೆಯುತ್ತಿತ್ತು. ಮೊದಲನೆಯ ಚೀಲ ಮೂಸಿದಳು, ಎರಡನೆಯದು ಮೂಸಿದಳು. ಮೂರನೆಯದರ ಹತ್ತಿರ ಹೋಗಲಿಲ್ಲ. ತಿರುಗಿ ನನ್ನ ಹತ್ತಿರ ಬಂದು, ನನ್ನ ಅಂಗೈಯಲ್ಲಿ ಮೂಗಿಟ್ಟು, ಕೂತಳು. ನಾನು ‘ಶಾಣ್ಯಾಕಿ’ ಎಂದಿದ್ದೆ. ಯಂತ್ರ ಅದನ್ನೂ ಮೂರನೆಯ ಚೀಲದ ಲೆಕ್ಕಕ್ಕೆ ಬರೆದುಕೊಂಡಿತ್ತು.

ನನ್ನ ಕೈ ಎರಡು ಗುಂಡಿಗಳ ನಡುವೆ ನಿಂತಿತು.

“ಯಾವುದಕ್ಕಾ?” ಎಂದರು ಚೆಲುವಾಂಬ.

“ಎರಡೂ ಅಲ್ಲ. ಇದನ್ನ ಪಾಠದಿಂದ ತಗದುಬಿಡ್ರಿ. ಇದು ನಮ್ಮಿಬ್ಬರ ಮಾತು.”

ಅವರು ತೆಗೆದರು.

ಹಸಿರು ಎಂಟುನೂರ ಇಪ್ಪತ್ತೇಳು, ಕೆಂಪು ಮುನ್ನೂರ ಹನ್ನೆರಡು. ಬೇರೆ ಮಾಡಿದ ಪಟ್ಟಿಯನ್ನು ಯಂತ್ರಕ್ಕೆ ಕಲಿಸಿ ಮುಗಿಸಿದ ಮೇಲೆ, ಸಮಿತಿಯ ಒಪ್ಪಿಗೆ ಪಡೆದು ಮೊಹರು ಹಾಕಿದ್ದ ಹಳೆಯ ಉತ್ತರಗಳನ್ನು ತೆರೆದರು. ಹಸಿರಿನಲ್ಲಿ ಒಂಬತ್ತು ತಪ್ಪಿದ್ದವು. ಇರಲಿ, ಅವಳೇನು ದೇವರಲ್ಲ. ಕೆಂಪಿನಲ್ಲಿ ಮುನ್ನೂರ ಒಂಬತ್ತು ಮಂದಿ ಆರೋಗ್ಯವಂತರು.

“ಉಳಿದ ಮೂರು?” ಎಂದೆ.

ಚೆಲುವಾಂಬ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆ ಮೂವರಿಗೂ ಕ್ಷಯ ಇತ್ತು. ಮೂರೂ ಊಟದ ಹೊತ್ತಿಗೆ ಸಮೀಪದ ಚೀಲಗಳು. ಅವಳು ಸರಿಯಾಗೇ ಕೂತಿದ್ದಳು. ರೊಟ್ಟಿಯ ಆಸೆ ಎಂದುಕೊಂಡು ನಾನು ಹಂಗಿಸಿ ಎಬ್ಬಿಸಿದ್ದೆ. ಪುಣ್ಯಕ್ಕೆ ಕಫ ಪರೀಕ್ಷೆಯಲ್ಲಿ ಮೂವರೂ ಸಿಕ್ಕು, ಮದ್ದು ತಗೊಂಡು ವಾಸಿಯಾಗಿದ್ದರು. ಇಲ್ಲದಿದ್ದರೆ ಆ ಪಾಪ ನನ್ನ ತಲೆಗೆ ಬರುತ್ತಿತ್ತು.

ನಾಚಿಕೆಯಾಯಿತು. ಅದರ ಬೆನ್ನಿಗೇ, ಸುಳ್ಳೇಕೆ ಹೇಳಲಿ, ಎದೆ ಉಬ್ಬಿ ಬಂತು. ನೋಡಿರಿ ನನ್ನ ಬೀದಿ ನಾಯಿಯನ್ನು! ನಾನು ತಪ್ಪಿದೆ, ಕೇಂದ್ರ ತಪ್ಪಿತು, ಯಂತ್ರ ತಪ್ಪಿತು, ಆ ಮೂರು ಚೀಲದಲ್ಲಿ ಅವಳೊಬ್ಬಳು ತಪ್ಪಿರಲಿಲ್ಲ.

* * *

ಎರಡನೆಯ ಪರೀಕ್ಷೆಗೆ ಸಮಿತಿಯ ಮೂವರೂ ಬಂದರು. ಅಧ್ಯಕ್ಷರು ನಿವೃತ್ತ ಪ್ರೊಫೆಸರು, ಬಿಳಿ ಹುಬ್ಬಿನ ಹಿರಿಯರು, ಆ ವಾಕ್ಯ ಬರೆದವರು ಅವರೇ. ಹೊಸ ಇನ್ನೂರು ಚೀಲ. ನಾನು ನನ್ನ ಮದುವೆಯ ಸೀರೆ ಉಟ್ಟು ಬಂದಿದ್ದೆ. ಯಂತ್ರದ ಮೇಲೆ, ಯಾರೂ ಹೇಳದೆ, ಚೆಲುವಾಂಬ ಆ ಹಸಿರು ಕುಂಚಿಗಿ ಕಟ್ಟಿದ್ದರು. ಫಕೀರಪ್ಪನವರು ಅದನ್ನು ನೋಡಿ ಕೆಮ್ಮಿದರು, ನಾನು ಏನೂ ಅನ್ನಲಿಲ್ಲ.

ಚೀಲಗಳು ಒಂದೊಂದೇ ಹೋದವು. ದೀಪ ಹತ್ತುವುದು, ಆರುವುದು. ಇನ್ನೂರನೆಯದು ಮುಗಿದ ಮೇಲೆ ಅಧ್ಯಕ್ಷರು ಉತ್ತರದ ಲಕೋಟೆ ಒಡೆದು, ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದನ್ನೇ ತಾಳೆ ನೋಡಿದರು. ಬಹಳ ಹೊತ್ತು ನೋಡಿದರು.

“ನಾಲ್ಕು ತಪ್ಪು,” ಎಂದರು. “ಇನ್ನೂರಕ್ಕೆ ನಾಲ್ಕು. ನನ್ನ ಇಷ್ಟು ವರ್ಷದ ಅನುಭವದಲ್ಲಿ ಇಂಥದ್ದನ್ನು ನೋಡಿಲ್ಲ. ಯಂತ್ರ ಪಾಸಾಗಿದೆ.”

ಕೋಣೆಯ ತುಂಬ ಚಪ್ಪಾಳೆ. ಚೆಲುವಾಂಬ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. ನಾನು ಬಿಡಿಸಿಕೊಂಡು ಅಧ್ಯಕ್ಷರ ಮೇಜಿನ ಮುಂದೆ ಹೋಗಿ ನಿಂತೆ.

“ಸಾಹೇಬ್ರ, ಯಂತ್ರ ಪಾಸಾತು, ಸಂತೋಷ. ನಮ್ಮ ನಾಯಿದು ಏನಾತ್ರಿ?”

“ಅಂದರೆ?”

“ಆಕಿ ತೀರ್ಪು ತಪ್ಪು ಅಂತ ಬರದಿದ್ರೆಲ್ರಿ. ಅದು ತಪ್ಪಲ್ಲ, ಸರಿ ಇತ್ತು ಅಂತ ಬರೀರಿ. ಗಿರ್ಮಿಟ್ ಅಂತ ಆಕಿ ಹೆಸರು ಹಾಕಿ ಬರೀರಿ.”

ಅವರು ಸಮಾಧಾನದಿಂದಲೇ ಹೇಳಿದರು. “ತಾಯೀ, ವರದಿಯಲ್ಲಿ ಪ್ರಾಣಿಯ ಹೆಸರು ಬರೆಯುವ ಪದ್ಧತಿ ಇಲ್ಲ.”

“ತಪ್ಪು ಮಾಡ್ಯಾಳ ಅಂತ ಬರಿಯೂವಾಗ ಪದ್ಧತಿ ಇತ್ತೇನ್ರಿ? ತಪ್ಪು ಹೊರಸಾಕ ಅಷ್ಟ ನಾಯಿ ಬೇಕಾತು, ಶಹಬ್ಬಾಶ್ ಅನ್ನೂವಾಗ ಯಂತ್ರ ಬಂತೇನ್ರಿ? ಆಕಿ ಸತ್ತಾಳ್ರಿ. ಬಂದು ನಿಮ್ಮ ಮುಂದ ಕೂತು ಹೇಳಾಕ ಆಗಂಗಿಲ್ಲ. ಅದಕ್ಕ ನಾ ನಿಂತೀನಿ.”

ನಾನು ಮೇಜಿನ ಮುಂದಿನಿಂದ ಕದಲಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಯಂತ್ರದ ಮೇಲಿನ ಕುಂಚಿಗಿಯನ್ನು ನೋಡಿದರು. ಆಮೇಲೆ ಟೈಪಾದ ವರದಿಯ ಹಾಳೆ ಎಳೆದುಕೊಂಡು, ಹಳೆಯ ವಾಕ್ಯಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಸ್ವಂತ ಕೈಯಿಂದ ಬರೆದರು. ಬರೆಯುತ್ತ ತಲೆ ಎತ್ತಿ ಕೇಳಿದರು:

“ಗಿರ್ಮಿಟ್. ಟಕಾರಕ್ಕೆ ಅರ್ಧಾಕ್ಷರವೇನಮ್ಮಾ?”

“ಹೌದ್ರಿ,” ಎಂದೆ. “ಅರ್ಧನ.”

* * *

ಸಂಜೆ ಬಿಸಿಲಿರುವಾಗಲೇ ಮನೆಗೆ ಬಂದೆವು. ನಾನು ಅಟ್ಟದ ಗಂಟು ಇಳಿಸಿ ಅವಳ ತಟ್ಟೆ ತೊಳೆದೆ. ಫಕೀರಪ್ಪನವರ ಹೊಲಿಗೆ ಅಂಗಡಿಯ ಹಿಂದಿನ ಹುಣಸೆ ಮರದ ಬುಡದಲ್ಲಿ ಅವಳನ್ನು ಮಣ್ಣು ಮಾಡಿದ್ದೆವು. ಆ ದಿನದಿಂದ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಇಬ್ಬರೂ ಹೋದೆವು. ಅವರು ಖಡಕ್ ರೊಟ್ಟಿಯ ಅಂಚು ಮುರಿದು ತಟ್ಟೆಯಲ್ಲಿಟ್ಟರು. ನಾನು ವರದಿಯ ನಕಲು ತೆಗೆದು, ಶಾಲೆಯಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಓದಿದೆ.

“‘ಗಿರ್ಮಿಟ್ ಎಂಬ ಹುಬ್ಬಳ್ಳಿಯ ಬೀದಿ ನಾಯಿಯ ತೀರ್ಪು ಸರಿಯಾಗಿತ್ತು. ಅದನ್ನು ಅರ್ಥ ಮಾಡಿಕೊಳ್ಳುವಲ್ಲಿ ನಾವು ತಪ್ಪಿದ್ದೆವು.’”

ಓದಿ ಮುಗಿಸಿ ಕಾಗದ ಮಡಚಿದೆ. ಹೇಳುವುದೊಂದು ಬಾಕಿ ಇತ್ತು. ಕೂತು, ಮಣ್ಣಿನ ಮೇಲೆ ಅಂಗೈ ಇಟ್ಟು ಹೇಳಿದೆ.

“ಭಾಳ ಶಾಣ್ಯಾಕಿ ಆಗೀ ನೋಡು.”

ಅದೇ ಮಾತು, ಅದೇ ‘ಭಾಳ’, ಅದೇ ‘ನೋಡು’. ಫಕೀರಪ್ಪನವರು ತಲೆ ವಾಲಿಸಿ, ಕಡೆಗೆ ಮೂಗಿನಿಂದ ಉಸಿರು ಬಿಡುತ್ತೇನೋ ಎಂದು ಕಿವಿಗೊಟ್ಟು ಕೇಳಿದರು. ಆಮೇಲೆ ಹೆಬ್ಬೆಟ್ಟು ಮುಂದೆ ಚಾಚಿ, ಗಾಳಿಯಲ್ಲೇ ಹಸಿರು ಗುಂಡಿ ಒತ್ತಿದರು.